ಬಿದ್ದವರನ್ನು ಹಿಡಿಯಲು ಹಾರಿದವರು

ಭರತ ಹುಣ್ಣಿಮೆ ಬಂತೆಂದರೆ ಹೂವಿನಹಡಗಲಿ ತಾಲ್ಲೂಕಿನ ದಾರಿಗಳೆಲ್ಲ ಮೈಲಾರದ ಕಡೆಗೆ ಮುಖ ಮಾಡುತ್ತವೆ. ಬುತ್ತಿ ಕಟ್ಟಿಕೊಂಡ ಎತ್ತಿನ ಬಂಡಿಗಳು, ಟ್ರ್ಯಾಕ್ಟರುಗಳು, ತಲೆಯ ಮೇಲೆ ಗಂಟು ಹೊತ್ತ ಹೆಣ್ಣುಮಕ್ಕಳು, ಹೆಗಲ ಮೇಲೆ ಕೂಸನ್ನು ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ಕಾಯುವುದು ಒಂದೇ ಗಳಿಗೆಗಾಗಿ. ಡೆಂಕನಮರಡಿಯಲ್ಲಿ ಕಿಕ್ಕಿರಿದ ಜನರ ನಡುವೆ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನು ಸರಸರನೆ ಏರುತ್ತಾರೆ. ತುದಿ ಮುಟ್ಟಿ ‘ಸದ್ದಲೇ’ ಎಂದು ಕೂಗಿದ್ದೇ ತಡ, ಲಕ್ಷಾಂತರ ಜನರ ಗದ್ದಲ ಗಕ್ಕನೆ ನಿಲ್ಲುತ್ತದೆ. ಒಂದೇ ಸಾಲಿನ ಕಾರಣಿಕ. ಮರುಕ್ಷಣವೇ ಗೊರವಯ್ಯ ಬಿಲ್ಲಿನ ಮೇಲಿಂದ ಕೆಳಕ್ಕೆ ಬೀಳುತ್ತಾರೆ. ಕೆಳಗೆ ನಿಂತವರು ಅವರನ್ನು ಹಿಡಿದುಕೊಳ್ಳುತ್ತಾರೆ.

ಆಮೇಲೆ ಊರೂರಲ್ಲಿ ನಡೆಯುವ ಚರ್ಚೆಯೆಲ್ಲ ಆ ಒಂದು ಸಾಲಿನದು. ಮಳೆ ಹೇಗೆ, ಬೆಳೆ ಹೇಗೆ, ರಾಜಕೀಯ ಏನಾದೀತು ಎಂದು ಕಟ್ಟೆಯ ಮೇಲೆ ಕುಳಿತವರು ಅರ್ಥ ಬಿಡಿಸುತ್ತಾರೆ. ಕೆಳಗೆ ನಿಂತು ಹಿಡಿದ ಕೈಗಳ ಬಗ್ಗೆ ಮಾತನಾಡುವವರು ಮಾತ್ರ ಅಪರೂಪ. ಲೆಕ್ಕ ಹಾಕಿದರೆ ಆ ಕೈಗಳು ಮಾಡುವ ಕೆಲಸ ಸಣ್ಣದೇನಲ್ಲ. ಹದಿನೈದು ಅಡಿ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ 9 ಮೀಟರಿಗೂ ಹೆಚ್ಚು ವೇಗ ಪಡೆದಿರುತ್ತದೆ. ಎಂದರೆ ಗಂಟೆಗೆ 30 ಕಿಲೋಮೀಟರಿಗೂ ಮಿಗಿಲು. ಗಟ್ಟಿ ನೆಲ ಈ ವೇಗವನ್ನು ಕಣ್ಣು ಮಿಟುಕಿಸುವುದರೊಳಗೆ ಸೊನ್ನೆಗೆ ಇಳಿಸುತ್ತದೆ. ಮೂಳೆ ಮುರಿಯುವುದು ಆಗಲೇ. ಕೈಗಳು ಹಾಗಲ್ಲ. ಅವು ಭಾರಕ್ಕೆ ಬಗ್ಗುತ್ತವೆ, ತುಸು ಕೆಳಗಿಳಿಯುತ್ತವೆ, ಬೀಳುವವನಿಗೆ ನಿಲ್ಲಲು ಒಂದಿಷ್ಟು ಸಮಯ ಕೊಡುತ್ತವೆ. ಆ ಒಂದಿಷ್ಟು ಸಮಯದಲ್ಲೇ ಜೀವ ಉಳಿಯುತ್ತದೆ. ಕ್ರಿಕೆಟ್ ಆಡುವ ಹುಡುಗ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದೇ ಕಾರಣಕ್ಕೆ.

ಇದೇ ತಾಲ್ಲೂಕಿನ ಮನೆಗಳಲ್ಲಿ ಪಿಯುಸಿ ಫಲಿತಾಂಶ ಬರುವ ಬೇಸಿಗೆಯಲ್ಲಿ ಇನ್ನೊಂದು ಬಗೆಯ ಚರ್ಚೆ ನಡೆಯುತ್ತದೆ. ಮಗ ತಲೆ ತಗ್ಗಿಸಿಕೊಂಡು ‘ನಾ ಮಿಲ್ಟ್ರಿಗೆ ಹೋಗ್ತೀನಿ’ ಎನ್ನುತ್ತಾನೆ. ರೊಟ್ಟಿ ತಟ್ಟುತ್ತಿದ್ದ ತಾಯಿಯ ಕೈ ನಿಲ್ಲುತ್ತದೆ. ‘ಅಲ್ಲಿ ಏನರ ಹೆಚ್ಚು ಕಡಿಮಿ ಆದ್ರ ನಿನ್ನ ಹಿಡಿಯಾರು ಯಾರಪ್ಪಾ?’ ಎಂಬುದು ಅವಳ ಪ್ರಶ್ನೆ. ‘ಅದರ ಬದಲಿ ಡಾಕ್ಟರ್ ಆಗು, ನಾಕು ಮಂದಿಗೆ ಉಪಕಾರ ಆಗ್ತದ’ ಎಂಬುದು ತಂದೆಯ ಸಲಹೆ. ಸೈನಿಕನ ದಾರಿ ಒಂದು, ಡಾಕ್ಟರನ ದಾರಿ ಇನ್ನೊಂದು, ಒಂದರಲ್ಲಿ ಸಾಹಸ, ಇನ್ನೊಂದರಲ್ಲಿ ಉಪಕಾರ ಎಂದೇ ಎಲ್ಲರ ಎಣಿಕೆ. ತಾಯಿಯ ಪ್ರಶ್ನೆಗೆ ಮಗನಲ್ಲಿ ಉತ್ತರವಿರುವುದಿಲ್ಲ.

ಆ ಪ್ರಶ್ನೆಗೆ ತನ್ನ ಇಡೀ ಬದುಕನ್ನೇ ಉತ್ತರವಾಗಿ ಕೊಟ್ಟ ಒಬ್ಬ ಭಾರತೀಯ ಅಧಿಕಾರಿಯಿದ್ದರು. ಲೆಫ್ಟಿನೆಂಟ್ ಕರ್ನಲ್ ಅರ್ಕಾಟ್ ಗೋವಿಂದರಾಜ್ ರಂಗರಾಜ್ ಎಂದು ಅವರ ಹೆಸರು. ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕಿದ ಭಾರತೀಯ ಸೈನಿಕರಲ್ಲಿ ಮೊದಲಿಗರು. ಮಹಾವೀರ ಚಕ್ರ ಪಡೆದವರು. ವೃತ್ತಿಯಿಂದ ಡಾಕ್ಟರು. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಅವರ ಹೆಸರನ್ನು ಹುಡುಕಿದರೆ ಸಿಗುವುದು ಕಷ್ಟ.

ರಂಗರಾಜ್ ಓದಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹಡಗಲಿಯ ಮಲ್ಲಿಗೆ ಬೆಳೆಗಾರನೂ ಮದ್ರಾಸಿನ ವೈದ್ಯ ವಿದ್ಯಾರ್ಥಿಯೂ ಒಂದೇ ಸರ್ಕಾರದ ಪ್ರಜೆಗಳು. ಹಡಗಲಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಷ್ಟರಲ್ಲಿ ರಂಗರಾಜ್ ಎರಡು ಯುದ್ಧಗಳ ಕಾಲವನ್ನು ಸೈನ್ಯದಲ್ಲಿ ಕಂಡಿದ್ದರು.

ಎರಡನೆಯ ಮಹಾಯುದ್ಧದ ಕಾಲ. ಜರ್ಮನರು 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪವನ್ನು ಆಕಾಶದಿಂದಲೇ ಇಳಿದು ವಶಪಡಿಸಿಕೊಂಡಿದ್ದರು. ಶತ್ರುವಿನ ಬೆನ್ನ ಹಿಂದೆ ಆಕಾಶದಿಂದ ಇಳಿಯುವ ಪಡೆ ಭಾರತಕ್ಕೂ ಬೇಕೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ರೂಪುಗೊಂಡಿತು. ಇಂದು ಸಫ್ದರ್‌ಜಂಗ್ ಎಂದು ಕರೆಯುವ ವಿಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ ತರಬೇತಿ ಶಾಲೆ ತೆರೆಯಿತು. ಶಾಲೆ ಇತ್ತು, ಆದರೆ ಪ್ಯಾರಾಚೂಟ್‌ಗಳಿಗೇ ಬರ. ಇದ್ದ ವಿಮಾನಗಳೂ ಹಳೆಯವು. ಧುಮುಕುವ ವಿದ್ಯೆ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಬ್ರಿಗೇಡಿನ 152ನೇ ಭಾರತೀಯ ಪ್ಯಾರಾಚೂಟ್ ಬೆಟಾಲಿಯನ್ನಿಗೆ ವೈದ್ಯಾಧಿಕಾರಿಯಾಗಿ ಬಂದ ತರುಣರೇ ರಂಗರಾಜ್.

ಡಾಕ್ಟರ್ ಕೆಳಗೆ ನಿಂತು, ಕಾಲು ಉಳುಕಿಸಿಕೊಂಡವರಿಗೆ ಪಟ್ಟಿ ಕಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಈ ಪಡೆ ಇಳಿಯುವುದೇ ರಸ್ತೆಯಿಲ್ಲದ ಜಾಗದಲ್ಲಿ, ಶತ್ರುವಿನ ನಡುವೆ. ಗಾಯಗೊಂಡವನಿಗೆ ಅಲ್ಲಿ ಆಸ್ಪತ್ರೆ ಎಲ್ಲಿಂದ ಬರಬೇಕು? ಸೈನಿಕನ ಜೊತೆಗೆ ಡಾಕ್ಟರೂ ಧುಮುಕಬೇಕು. ಭಾರತೀಯರ ಪೈಕಿ ಮೊದಲು ಪ್ಯಾರಾಚೂಟಿನಲ್ಲಿ ಇಳಿದವರು ಇಬ್ಬರು. ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್, ಇನ್ನೊಬ್ಬರು ಈ ಡಾಕ್ಟರು. ಭಾರತದ ಛತ್ರಿ ಸೈನಿಕರ ಚರಿತ್ರೆಯ ಮೊದಲ ಪುಟದಲ್ಲೇ ಬಂದೂಕಿನ ಪಕ್ಕದಲ್ಲಿ ಸ್ಟೆತಸ್ಕೋಪ್ ಇದೆ.

ವಿಮಾನದ ಬಾಗಿಲಲ್ಲಿ ನಿಂತು ಕೆಳಗೆ ನೋಡುವ ಆ ಕ್ಷಣ ಎಂಥದ್ದಿರಬಹುದು? ಪ್ಯಾರಾಚೂಟ್ ಇಲ್ಲದೆ ಬಿದ್ದ ಮನುಷ್ಯನ ವೇಗ ಏರುತ್ತ ಏರುತ್ತ ಕೊನೆಗೆ ಸೆಕೆಂಡಿಗೆ ಸುಮಾರು 50 ಮೀಟರಿನಲ್ಲಿ ನಿಲ್ಲುತ್ತದೆ. ಭೂಮಿಯ ಸೆಳೆತವೂ ಗಾಳಿಯ ತಡೆಯೂ ಸರಿಸಮವಾದಾಗ ವೇಗ ಮತ್ತೆ ಏರದು. ಛತ್ರಿ ಬಿಚ್ಚಿದರೆ ಗಾಳಿಯ ತಡೆ ಒಮ್ಮೆಲೇ ಹೆಚ್ಚಿ ಆ ವೇಗ ಐದಾರು ಮೀಟರಿಗೆ ಇಳಿಯುತ್ತದೆ. ಆದರೂ ನೆಲ ತಾಗುವಾಗ ಸುಮಾರು ಐದಡಿ ಎತ್ತರದ ಗೋಡೆಯಿಂದ ಜಿಗಿದಷ್ಟು ಪೆಟ್ಟು ಇದ್ದೇ ಇರುತ್ತದೆ. ಕಾಲು ಜೋಡಿಸಿ, ಮಂಡಿ ತುಸು ಬಾಗಿಸಿ, ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನು ಹೀಗೆ ಒಂದಾದ ಮೇಲೊಂದು ನೆಲಕ್ಕೆ ತಾಗುವಂತೆ ಉರುಳುವುದನ್ನು ಅದಕ್ಕೇ ಕಲಿಸುತ್ತಾರೆ. ಮೈಲಾರದಲ್ಲಿ ಹತ್ತಾರು ಕೈಗಳು ಮಾಡುವ ಕೆಲಸವನ್ನು ಇಲ್ಲಿ ಒಂದೇ ದೇಹ ತನಗೆ ತಾನೇ ಮಾಡಿಕೊಳ್ಳಬೇಕು.

ಒಂದೇ ದೇಹ ಎನ್ನುವುದೂ ಪೂರ್ತಿ ನಿಜವಲ್ಲ. ಯುದ್ಧಕಾಲದ ಧುಮುಕುವಿಕೆ ನಡೆಯುವುದು ಸಾಮಾನ್ಯವಾಗಿ ಏಳೆಂಟು ನೂರು ಅಡಿ ಎತ್ತರದಿಂದ. ಗಾಳಿಯಲ್ಲಿರುವ ಸಮಯ ಒಂದು ನಿಮಿಷಕ್ಕೂ ಕಡಿಮೆ. ಆ ಅವಸರದಲ್ಲಿ ಛತ್ರಿ ಬಿಚ್ಚುವ ಕೆಲಸವನ್ನು ಸೈನಿಕನಿಗೆ ಬಿಡುವುದಿಲ್ಲ. ವಿಮಾನದೊಳಗಿನ ತಂತಿಗೆ ಸಿಕ್ಕಿಸಿದ ಪಟ್ಟಿಯೇ ಅದನ್ನು ಎಳೆದು ಬಿಚ್ಚುತ್ತದೆ. ಆ ಛತ್ರಿಯನ್ನು ಮಡಚಿಟ್ಟವರು ಬೇರೆ ಯಾರೋ, ಎಲ್ಲೋ ಒಂದು ಕೊಠಡಿಯಲ್ಲಿ ಉದ್ದನೆಯ ಮೇಜಿನ ಮುಂದೆ ನಿಂತವರು. ಅವರ ಒಂದು ತಪ್ಪು ಮಡಿಕೆ ಸಾಕು. ಎಷ್ಟೇ ಧೈರ್ಯಶಾಲಿಯಾದರೂ ಹಾರುವವನು ತನಗೆ ಪರಿಚಯವಿಲ್ಲದವರ ಕೈಕೆಲಸವನ್ನು ನಂಬಿಯೇ ಹಾರಬೇಕು.

ಈ ಬ್ರಿಗೇಡ್ ತನ್ನ ಮೊದಲ ದೊಡ್ಡ ಯುದ್ಧವನ್ನು ಆಡಿದ್ದು ಪ್ಯಾರಾಚೂಟ್ ಇಲ್ಲದೆಯೇ. 1944ರ ಮಾರ್ಚಿಯಲ್ಲಿ ಜಪಾನಿ ಸೈನ್ಯ ಬರ್ಮಾ ದಾಟಿ ಇಂಫಾಲ ಮತ್ತು ಕೋಹಿಮಾಗಳ ಕಡೆಗೆ ನುಗ್ಗಿದಾಗ, ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ಅದಕ್ಕೆ ಅಡ್ಡ ನಿಂತದ್ದು 50ನೇ ಬ್ರಿಗೇಡ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಒಂದು ಬೆಟಾಲಿಯನ್ ಕೂಡ ಅವರ ಜೊತೆಗಿತ್ತು. ನೆಲ ಬರೀ ಬಂಡೆ. ಮೂರಡಿ ಆಳದ ಹಳ್ಳ ತೋಡುವುದೂ ಕಷ್ಟ. ಮುಳ್ಳುತಂತಿ ಇರಲಿಲ್ಲ. ಕುಡಿಯುವ ನೀರಿಗೂ ತತ್ವಾರ. ವಿಮಾನಗಳು ಪ್ಯಾರಾಚೂಟಿನಲ್ಲಿ ಇಳಿಬಿಟ್ಟ ಸಾಮಾನು ಬಹುಪಾಲು ಗಾಳಿಗೆ ತೇಲಿ ಜಪಾನಿಯರ ಪಾಲಾಗುತ್ತಿತ್ತು. ಹಾಗಿದ್ದೂ ಒಂದು ವಾರ ಅವರು ಕದಲಲಿಲ್ಲ. ಮಾರ್ಚ್ 26ರ ರಾತ್ರಿ ಅಪ್ಪಣೆ ಬಂದ ಮೇಲೆಯೇ ಕಾಡಿನ ದಾರಿ ಹಿಡಿದು ಇಂಫಾಲದತ್ತ ನಡೆದರು. ಅವರು ಉಳಿಸಿಕೊಟ್ಟ ಆ ಕೆಲವು ದಿನಗಳು ಇಂಫಾಲ ಮತ್ತು ಕೋಹಿಮಾಗಳ ರಕ್ಷಣೆಗೆ ಸಿದ್ಧವಾಗಲು ಒದಗಿದವು.

ರಂಗರಾಜ್ ಅವರ ಹೆಸರು ಲೋಕಕ್ಕೆ ತಿಳಿದದ್ದು ಅದಾಗಿ ಆರು ವರ್ಷಗಳ ನಂತರ, ಇನ್ನೊಂದು ದೇಶದಲ್ಲಿ. 1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಆರಂಭವಾಯಿತು. ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿದಾಗ ವಿಶ್ವಸಂಸ್ಥೆ ಸದಸ್ಯ ರಾಷ್ಟ್ರಗಳ ನೆರವು ಕೇಳಿತು. ಸ್ವತಂತ್ರವಾಗಿ ಮೂರೇ ವರ್ಷವಾಗಿದ್ದ ಭಾರತ ಕಾದಾಡುವ ಸೈನ್ಯ ಕಳಿಸಲು ಒಪ್ಪಲಿಲ್ಲ. ಹಾಗೆಂದು ಕೈಕಟ್ಟಿ ಕೂರಲೂ ಇಲ್ಲ. ಒಂದು ವೈದ್ಯಕೀಯ ಘಟಕವನ್ನು ಕಳಿಸಿತು. ಅದೇ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ರಂಗರಾಜ್.

ಫೀಲ್ಡ್ ಆಂಬುಲೆನ್ಸ್ ಎಂದರೆ ಸೈರನ್ ಹಾಕಿಕೊಂಡು ಓಡುವ ಗಾಡಿಯಲ್ಲ. ಅದು ಯುದ್ಧಭೂಮಿಯ ಹಿಂಬದಿಯಲ್ಲೇ ನಿಂತು ಗಾಯಾಳುಗಳನ್ನು ಎತ್ತಿ ತರುವ, ರಕ್ತ ನಿಲ್ಲಿಸುವ, ಬೇಕಾದರೆ ಅಲ್ಲೇ ಶಸ್ತ್ರಚಿಕಿತ್ಸೆ ಮಾಡುವ ಒಂದು ಇಡೀ ಪಡೆ. ಕೊರಿಯಾಕ್ಕೆ ಹೊರಟ ಘಟಕದಲ್ಲಿ ಇದ್ದವರು 346 ಜನ. ಅವರಲ್ಲಿ ಶಸ್ತ್ರವೈದ್ಯರು ನಾಲ್ವರು, ಅರಿವಳಿಕೆ ತಜ್ಞರು ಇಬ್ಬರು, ದಂತವೈದ್ಯರು ಒಬ್ಬರು. ಉಳಿದವರು ಸ್ಟ್ರೆಚರ್ ಹೊರುವವರು, ಶುಶ್ರೂಷೆ ಮಾಡುವವರು, ಡ್ರೈವರುಗಳು, ಅಡುಗೆಯವರು. 1950ರ ನವೆಂಬರ್ 20ರಂದು ಅವರು ಪೂಸಾನ್ ಬಂದರಿಗೆ ಬಂದಿಳಿದರು.

ಬಂದ ಸಮಯ ಚೆನ್ನಾಗಿರಲಿಲ್ಲ. ಘಟಕ ಉತ್ತರದ ಪ್ಯೋಂಗ್‌ಯಾಂಗ್ ತಲುಪುವ ಹೊತ್ತಿಗೆ ಚೀನಾದ ಸೈನ್ಯ ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕಿಳಿದು, ವಿಶ್ವಸಂಸ್ಥೆಯ ಪಡೆಗಳು ಹಿಮ್ಮೆಟ್ಟತೊಡಗಿದ್ದವು. ಊರು ಖಾಲಿ ಮಾಡಬೇಕೆಂಬ ಅಪ್ಪಣೆ ಬಂತು. ಆದರೆ ಭಾರತದಿಂದ ಹೊತ್ತು ತಂದ ಔಷಧ, ಉಪಕರಣಗಳನ್ನು ಸಾಗಿಸಲು ಲಾರಿಗಳಿಲ್ಲ. ಎಲ್ಲವನ್ನೂ ಬಿಟ್ಟು ಜೀವ ಉಳಿಸಿಕೊಂಡು ಬರಬಹುದಿತ್ತು. ಯುದ್ಧದಲ್ಲಿ ಹಾಗೆ ಮಾಡಿದವರು ಎಷ್ಟೋ ಮಂದಿ. ಆದರೆ ಕತ್ತರಿ, ಔಷಧ, ಬ್ಯಾಂಡೇಜು ಇಲ್ಲದ ಡಾಕ್ಟರು ಗಾಯಾಳುವಿನ ಮುಂದೆ ನಿಂತು ಮಾಡುವುದೇನು? ರಂಗರಾಜ್ ಮತ್ತು ಅವರ ಜೊತೆಗಾರರು ಬಿಟ್ಟುಹೋಗಲು ಒಪ್ಪಲಿಲ್ಲ.

ಹುಡುಕಾಡಿದಾಗ ರೈಲು ನಿಲ್ದಾಣದಲ್ಲಿ ಒಂದು ಹಳೆಯ ಉಗಿಬಂಡಿಯ ಎಂಜಿನ್ನೂ ಕೆಲವು ಡಬ್ಬಿಗಳೂ ಸಿಕ್ಕಿದವು. ಘಟಕದಲ್ಲಿ ಎಂಜಿನ್ ನಡೆಸಲು ತಿಳಿದವರು ಇದ್ದರು. ಆದರೆ ಬಾಯ್ಲರಿನಲ್ಲಿ ನೀರಿಲ್ಲದಿದ್ದರೆ ಉಗಿಯೆಲ್ಲಿ, ಉಗಿಯಿಲ್ಲದಿದ್ದರೆ ಗಾಲಿ ಉರುಳುವುದೆಲ್ಲಿ? ಸಾಲಾಗಿ ನಿಂತು, ಕೈಯಿಂದ ಕೈಗೆ ಬಕೆಟ್ ದಾಟಿಸಿ ಬಾಯ್ಲರ್ ತುಂಬಿಸಿದರು. ಊರಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಜನ ಸಾಲು ನಿಲ್ಲುವುದಿಲ್ಲವೇ, ಹಾಗೆ. ಸಾಮಾನು ಏರಿಸಿದರು, ಒಲೆ ಹೊತ್ತಿಸಿದರು, ಎಂಜಿನ್ ಹೊರಟಿತು. ಡಿಸೆಂಬರ್ 5ರಂದು ತೆದೊಂಗ್ ನದಿಯ ಸೇತುವೆ ದಾಟಿದರು. ಶತ್ರುವಿಗೆ ಸಿಗಬಾರದೆಂದು ಸೇತುವೆಯನ್ನು ಸಿಡಿಸಿದ್ದು ಅದಾದ ಸ್ವಲ್ಪ ಹೊತ್ತಿಗೇ. ಛತ್ರಿ ಸೈನಿಕರ ತರಬೇತಿಯಲ್ಲಿ ರೈಲು ಓಡಿಸುವ ಪಾಠ ಇರುವುದಿಲ್ಲ. ಆದರೆ ಕೈಗೆ ಸಿಕ್ಕಿದ್ದರಲ್ಲಿ ದಾರಿ ಕಂಡುಕೊಳ್ಳುವ ಪಾಠ ಇರುತ್ತದೆ.

ಆ ಚಳಿಗಾಲ ಕೊರಿಯಾದ ಯುದ್ಧಭೂಮಿಯಲ್ಲಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿದದ್ದುಂಟು. ಗಾಯಾಳುಗಳಿಗೆ ಕೊಡಬೇಕಾದ ಪ್ಲಾಸ್ಮಾ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಕಾಣುವ ಬಳ್ಳಾರಿ ಸೀಮೆಯವರಿಗೆ ಇದನ್ನು ಊಹಿಸುವುದೂ ಕಷ್ಟ. ಅಂಥ ಚಳಿಯಲ್ಲಿ ಘಟಕ ಎರಡಾಗಿ ಕೆಲಸಕ್ಕೆ ನಿಂತಿತು. ಒಂದು ಭಾಗ ಕಾಮನ್‌ವೆಲ್ತ್ ಬ್ರಿಗೇಡಿನ ಜೊತೆ ಮುಂಚೂಣಿಯಲ್ಲಿ. ಇನ್ನೊಂದು ಮೇಜರ್ ಎನ್. ಬಿ. ಬ್ಯಾನರ್ಜಿಯವರ ಮುಂದಾಳತ್ವದಲ್ಲಿ ತೇಗು ಪಟ್ಟಣದಲ್ಲಿ. ಅಲ್ಲಿ ಸೈನಿಕರಿಗಷ್ಟೇ ಅಲ್ಲ, ಮನೆಮಠ ಕಳೆದುಕೊಂಡು ಬಂದ ಕೊರಿಯಾದ ಹೆಂಗಸರು, ಮುದುಕರು, ಮಕ್ಕಳಿಗೂ ಚಿಕಿತ್ಸೆ.

ಅದು 1951ರ ಮಾರ್ಚ್ 23. ಗುಡ್ ಫ್ರೈಡೆ. ತೇಗುವಿನ ವಿಮಾನ ನೆಲೆಯಿಂದ ಅಮೆರಿಕ ಸೇನೆಯ 187ನೇ ಏರ್‌ಬೋರ್ನ್ ತುಕಡಿಯ ಮೂರು ಸಾವಿರಕ್ಕೂ ಹೆಚ್ಚು ಛತ್ರಿ ಸೈನಿಕರು ವಿಮಾನ ಏರಿದರು. ಸೋಲ್ ನಗರದ ವಾಯವ್ಯಕ್ಕೆ ಇಮ್ಜಿನ್ ನದಿಯ ಹತ್ತಿರದ ಮುನ್ಸಾನ್ ಬಳಿ ಇಳಿದು, ಹಿಮ್ಮೆಟ್ಟುತ್ತಿದ್ದ ಶತ್ರುವಿನ ದಾರಿ ಕಟ್ಟುವುದು ಯೋಜನೆ. ‘ಆಪರೇಷನ್ ಟೊಮಾಹಾಕ್’ ಎಂದು ಅದರ ಹೆಸರು. ಆ ಸಾವಿರಾರು ಜನರ ನಡುವೆ 12 ಮಂದಿ ಭಾರತೀಯರು ಇದ್ದರು. ಡಾಕ್ಟರುಗಳು ಮತ್ತು ಅವರ ಸಹಾಯಕರು. ಮುಂದಾಳು ರಂಗರಾಜ್.

ಒಂದು ಘಟಕದ ಮುಖ್ಯಸ್ಥರು ಹಿಂದೆ ಉಳಿದು ಕೈಕೆಳಗಿನವರನ್ನು ಕಳಿಸಬಹುದಾಗಿತ್ತು. ಹತ್ತು ವರ್ಷಗಳ ಹಿಂದೆ ಹಳೆಯ ವಿಮಾನದಿಂದ ಧುಮುಕಿದ್ದ ಆ ತರುಣ ವೈದ್ಯಾಧಿಕಾರಿಯೇ ಈಗ ಲೆಫ್ಟಿನೆಂಟ್ ಕರ್ನಲ್ ಆಗಿ ಮತ್ತೆ ವಿಮಾನದ ಬಾಗಿಲಿಗೆ ಬಂದು ನಿಂತರು. ಈ ಸಲ ಕೆಳಗಿದ್ದುದು ತರಬೇತಿಯ ಬಯಲಲ್ಲ. ಎಲ್ಲವೂ ಯೋಜನೆಯಂತೆ ನಡೆಯಲೂ ಇಲ್ಲ. ಒಂದು ಬೆಟಾಲಿಯನ್ ಇಳಿಯಬೇಕಾದ ಕಡೆ ಬಿಟ್ಟು ಬೇರೆ ಕಡೆ ಇಳಿಯಿತು. ಶತ್ರು ಸೈನ್ಯದ ದೊಡ್ಡ ಪಾಲು ಆಗಲೇ ಜಾಗ ಖಾಲಿ ಮಾಡಿತ್ತು. ಆದರೂ ಗುಂಡು, ಫಿರಂಗಿಗಳ ಸದ್ದು ಇದ್ದೇ ಇತ್ತು. ಗಾಯಾಳುಗಳೂ ಇದ್ದರು. ಇಳಿಯುವಾಗಲೇ ಕೈಕಾಲು ಮುರಿದುಕೊಂಡವರು ಕೆಲವರು, ಗುಂಡು ತಗುಲಿದವರು ಕೆಲವರು. ಹನ್ನೆರಡು ಜನರ ಆ ತಂಡ ತನ್ನ ಛತ್ರಿಗಳನ್ನು ಕಳಚಿ ಪಕ್ಕಕ್ಕಿಟ್ಟು, ನೆಲದ ಮೇಲೆ ತನ್ನ ಆಸ್ಪತ್ರೆಯನ್ನು ಬಿಚ್ಚಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಅಂದು ಆಕಾಶದಿಂದ ಇಳಿದ ಸಾವಿರಾರು ಜನರ ಕೆಲಸ ಶತ್ರುವನ್ನು ಬೀಳಿಸುವುದು. ಈ ಹನ್ನೆರಡು ಜನರ ಕೆಲಸ ಬಿದ್ದವರನ್ನು ಹಿಡಿಯುವುದು. ಎತ್ತರ ಅದೇ, ಅಪಾಯವೂ ಅದೇ. ಧೈರ್ಯ ಎಂದರೆ ಹಾರುವುದಷ್ಟೇ ಆಗಿದ್ದರೆ ಎಲ್ಲರೂ ಸಮಾನರು. ಯಾತಕ್ಕಾಗಿ ಹಾರಿದರು ಎಂದು ಕೇಳಿದಾಗ ಈ ಹನ್ನೆರಡು ಮಂದಿ ಬೇರೆಯಾಗಿ ಕಾಣುತ್ತಾರೆ.

ಮುಂದಿನ ತಿಂಗಳು, ಏಪ್ರಿಲ್‌ನಲ್ಲಿ, ಕಾಪ್ಯೋಂಗ್ ಕಣಿವೆಯಲ್ಲಿ ಕಾಮನ್‌ವೆಲ್ತ್ ಬ್ರಿಗೇಡ್ ಚೀನೀ ದಾಳಿಯನ್ನು ತಡೆದು ನಿಂತಾಗ ಅದರ ಗಾಯಾಳುಗಳ ಹೊಣೆ ಹೊತ್ತದ್ದೂ ಈ ಘಟಕವೇ. ಕೊರಿಯಾದಲ್ಲಿದ್ದ ಮೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಘಟಕ ಚಿಕಿತ್ಸೆ ನೀಡಿದವರ ಸಂಖ್ಯೆ ಎರಡು ಲಕ್ಷದ ಆಸುಪಾಸಿನದು. ಮಾಡಿದ ಶಸ್ತ್ರಚಿಕಿತ್ಸೆಗಳು ಎರಡು ಸಾವಿರಕ್ಕೂ ಮಿಕ್ಕಿದವು. ರಂಗರಾಜ್ ಮತ್ತು ಬ್ಯಾನರ್ಜಿ ಇಬ್ಬರಿಗೂ ಮಹಾವೀರ ಚಕ್ರ ಸಂದಿತು. ಪರಮವೀರ ಚಕ್ರದ ನಂತರದ ಸ್ಥಾನದ ಈ ಯುದ್ಧಕಾಲದ ಗೌರವ, ಯಾರ ಮೇಲೂ ಗುಂಡು ಹಾರಿಸುವುದು ತಮ್ಮ ಕೆಲಸವಲ್ಲದ ಇಬ್ಬರು ಡಾಕ್ಟರುಗಳ ಎದೆಯ ಮೇಲೆ ಬಂದು ಕುಳಿತಿತು. 1955ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಇಡೀ ಘಟಕಕ್ಕೆ ವಿಶೇಷ ಟ್ರೋಫಿ ನೀಡಿ ಗೌರವಿಸಿದರು.

ಈ ಕಥೆಯಲ್ಲಿ ಕನ್ನಡನಾಡಿನ ಹೆಸರೂ ಬರುತ್ತದೆ. 1953ರ ಜುಲೈಯಲ್ಲಿ ಕದನ ನಿಂತಿತು. ಸೆರೆಸಿಕ್ಕ ಸೈನಿಕರಲ್ಲಿ ತಮ್ಮ ದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಏನು ಮಾಡಬೇಕೆಂಬ ಕಗ್ಗಂಟು ಉಳಿಯಿತು. ಅದನ್ನು ಬಿಡಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದವರು ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್ ಅವರ ನೇತೃತ್ವದಲ್ಲಿ ಭಾರತದ ಪಡೆ ಬಂತು. ಆ ಕೈದಿಗಳಿಗೂ ಕಾಯಿಲೆ ಬೀಳುವುದು ತಪ್ಪುತ್ತದೆಯೇ? 60ನೇ ಘಟಕ ಆ ಪಡೆಯೊಡನೆ ಕೂಡಿಕೊಂಡಿತು. ಯಾರ ವಿರುದ್ಧ ಹೋರಾಡಿದವರ ಗಾಯಗಳಿಗೆ ಇಷ್ಟು ದಿನ ಪಟ್ಟಿ ಕಟ್ಟಿದ್ದರೋ, ಈಗ ಅವರಿಗೂ ಅದೇ ಕೈಗಳಿಂದ ಔಷಧ.

ಸೈನಿಕನ ಕಥೆ ಸಾಮಾನ್ಯವಾಗಿ ಪದಕದೊಂದಿಗೆ ಮುಗಿಯುತ್ತದೆ. ರಂಗರಾಜ್ ಅವರದು ಹಾಗೆ ಮುಗಿಯಲಿಲ್ಲ. ಸೇನೆಯ ಸೇವೆ ಮುಗಿದ ಮೇಲೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನಕ್ಕೆ ಹೋದರು. ಈ ಸಲದ ಶತ್ರು ಸಿಡುಬು.

ಇಂದಿನ ಮಕ್ಕಳಿಗೆ ಆ ರೋಗದ ಹೆಸರೇ ಗೊತ್ತಿಲ್ಲ. ಹಡಗಲಿಯ ಯಾವುದೇ ಹಿರಿಯರನ್ನು ಕೇಳಿದರೆ ‘ದೇವಿ ಬ್ಯಾನಿ’ ಎನ್ನುತ್ತಾರೆ. ತೋಳು ಮೇಲೆತ್ತಿ, ‘ಇಲ್ನೋಡು, ನನಗ ಸಣ್ಣಾಕಿದ್ದಾಗ ಹಾಕಿಸಿದ್ರು’ ಎಂದು ದುಂಡನೆಯ ಕಲೆ ತೋರಿಸುತ್ತಾರೆ. ರೋಗ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಸಾಯುತ್ತಿದ್ದ ಕಾಲವದು. ಉಳಿದವರ ಮುಖದ ಮೇಲೆ ಜನ್ಮವಿಡೀ ಕಲೆ, ಕೆಲವರಿಗೆ ಕಣ್ಣೇ ಇಲ್ಲ.

ಅಫ್ಘಾನಿಸ್ತಾನದಲ್ಲಿ ದಾರಿಯೇ ದೊಡ್ಡ ತೊಡಕು. ಹಿಮ ಬಿದ್ದರೆ ತಿಂಗಳುಗಟ್ಟಲೆ ಮುಚ್ಚಿಹೋಗುವ ಬೆಟ್ಟದ ಹಳ್ಳಿಗಳು, ಒಂದೆಡೆ ನಿಲ್ಲದ ಅಲೆಮಾರಿಗಳು. ಗಂಡಸರು ಬಂದು ತಮ್ಮ ಮನೆಯ ಹೆಂಗಸರ ತೋಳಿಗೆ ಲಸಿಕೆ ಹಾಕುವುದಕ್ಕೆ ಮನೆಯವರ ಒಪ್ಪಿಗೆಯಿಲ್ಲ. ಇವೆಲ್ಲಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಹಳೆಯ ಪದ್ಧತಿಯಂತೆ ರೋಗಿಯ ಗುಳ್ಳೆಯ ಹಕ್ಕಳೆಯನ್ನೇ ತಂದು ಆರೋಗ್ಯವಂತರಿಗೆ ಚುಚ್ಚುವವರು ಊರೂರು ಸುತ್ತುತ್ತಿದ್ದರು. ಅದರಿಂದ ಕೆಲವರಿಗೆ ರಕ್ಷಣೆ ಸಿಗುತ್ತಿತ್ತು ನಿಜ, ಆದರೆ ಅದು ಸಿಡುಬಿನ ನಿಜವಾದ ವೈರಾಣು. ಅವರಿಂದ ಅಕ್ಕಪಕ್ಕದವರಿಗೆ ರೋಗ ಹರಡುತ್ತಿತ್ತು. ಲಸಿಕೆಯಲ್ಲಿದ್ದುದು ಅದಕ್ಕೆ ಹತ್ತಿರದ, ಆದರೆ ಸಿಡುಬು ತಾರದ ಬೇರೊಂದು ವೈರಾಣು. ಈ ವ್ಯತ್ಯಾಸವನ್ನು ಜನರಿಗೆ ತಿಳಿಹೇಳುವುದು ವಿಮಾನದಿಂದ ಧುಮುಕುವುದಕ್ಕಿಂತ ಕಷ್ಟ. ಧುಮುಕಲು ಒಂದು ಕ್ಷಣದ ಧೈರ್ಯ ಸಾಕು, ತಿಳಿಹೇಳಲು ವರ್ಷಗಳ ತಾಳ್ಮೆ ಬೇಕು.

ಒಣಗಿಸಿ ಪುಡಿಮಾಡಿದ, ಬಿಸಿಲಿಗೆ ಬೇಗ ಕೆಡದ ಲಸಿಕೆ. ತುದಿಯಲ್ಲಿ ಎರಡು ಮೊನೆಯಿರುವ ಒಂದು ಪುಟ್ಟ ಸೂಜಿ. ಆ ಮೊನೆಗಳ ನಡುವೆ ಒಂದು ಹನಿ ನಿಲ್ಲುತ್ತದೆ. ತೋಳಿನ ಮೇಲೆ ಬೇಗಬೇಗನೆ ಹದಿನೈದು ಸಲ ಚುಚ್ಚಿದರೆ ಆಯಿತು. ಆಯುಧ ಇಷ್ಟೇ. ಅಫ್ಘಾನ್ ಸಿಬ್ಬಂದಿ ಮತ್ತು ರಂಗರಾಜ್ ಅವರಂಥ ಸಲಹೆಗಾರರು ಮನೆಮನೆ, ಗುಡಾರ ಗುಡಾರ ಹುಡುಕಿಕೊಂಡು ಹೋದರು. 1972ರ ಹೊತ್ತಿಗೆ ಆ ನೆಲದಲ್ಲಿ ಸಿಡುಬಿನ ಸರಪಳಿ ತುಂಡಾಯಿತು. ಭಾರತದಲ್ಲಿ ಅದು ತುಂಡಾದದ್ದು 1975ರಲ್ಲಿ. 1980ರ ಮೇ 8ರಂದು ಸಿಡುಬು ಜಗತ್ತಿನಿಂದಲೇ ತೊಲಗಿದೆ ಎಂದು ಘೋಷಣೆಯಾಯಿತು. ಹಡಗಲಿಯ ಹಿರಿಯರ ತೋಳಿನ ಮೇಲಿರುವ ಆ ಕಲೆ ಅವರ ಮೊಮ್ಮಕ್ಕಳ ತೋಳಿನ ಮೇಲೆ ಏಕಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ರಂಗರಾಜ್ 2009ರಲ್ಲಿ ತೀರಿಕೊಂಡರು. ನಾವು ಮರೆತರೂ ಕೊರಿಯಾ ಮರೆಯಲಿಲ್ಲ. 2020ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಅವರನ್ನು ಕೊರಿಯಾ ಯುದ್ಧದ ವೀರರೆಂದು ನೆನೆಯಿತು. 2021ರ ಮಾರ್ಚ್ 26ರಂದು ದೆಹಲಿಯ ದಂಡು ಪ್ರದೇಶದಲ್ಲಿ ಭಾರತ ಮತ್ತು ಕೊರಿಯಾಗಳ ಸ್ನೇಹದ ಉದ್ಯಾನವೊಂದು ತೆರೆಯಿತು. ಅಲ್ಲಿ ತಿಮ್ಮಯ್ಯನವರ ಸ್ಮರಣೆಯೂ ಇದೆ, 60ನೇ ಘಟಕದ ಕೆಲಸದ ವಿವರವೂ ಇದೆ. ನಮ್ಮ ನಾಡಿನಲ್ಲೂ ಆ ಪರಂಪರೆ ದೂರದ್ದಲ್ಲ. ಛತ್ರಿ ಸೈನಿಕರ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲಿ. 1971ರ ಡಿಸೆಂಬರ್ 11ರಂದು ಬಾಂಗ್ಲಾದ ತಂಗೈಲ್‌ನಲ್ಲಿ ಧುಮುಕಿ ಢಾಕಾದ ದಾರಿ ತೆರೆದ 2ನೇ ಪ್ಯಾರಾ ಬೆಟಾಲಿಯನ್ ಮೂಲತಃ ಮರಾಠಾ ರೆಜಿಮೆಂಟಿನದು. ಮರೂನ್ ಬಣ್ಣದ ಆ ಟೋಪಿ ಹಾಕಿಕೊಂಡ ತರುಣರು ರಜೆಗೆ ಬಂದಾಗ ನಮ್ಮ ಬಸ್ ನಿಲ್ದಾಣಗಳಲ್ಲೂ ಕಾಣಸಿಗುತ್ತಾರೆ.

ಈಗ ಮತ್ತೆ ಆ ಅಡುಗೆಮನೆಗೆ ಬರಬಹುದು. ‘ನಿನ್ನ ಹಿಡಿಯಾರು ಯಾರಪ್ಪಾ?’ ಎಂದು ತಾಯಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಆ ಆತಂಕವನ್ನು ಹಗುರವಾಗಿ ಕಾಣಬಾರದು. ಸೈನ್ಯದ ಪ್ರತಿ ಯೋಧನ ಹಿಂದೆಯೂ ಛತ್ರಿ ಮಡಚುವ ಕೈ ಇದೆ, ಸ್ಟ್ರೆಚರ್ ಹೊರುವ ಹೆಗಲಿದೆ, ಬಕೆಟ್ ದಾಟಿಸುವ ಸಾಲಿದೆ, ಅವನ ಜೊತೆಗೇ ಧುಮುಕುವ ಡಾಕ್ಟರ್ ಇದ್ದಾನೆ ಎಂಬುದು ಅದಕ್ಕೆ ಅರ್ಧ ಉತ್ತರ. ಎಲ್ಲ ಸಲವೂ ಹಿಡಿಯಲು ಆಗುವುದಿಲ್ಲ ಎಂಬುದೂ ನಿಜ. ತಾಯಂದಿರಿಗೆ ಅದನ್ನು ಮುಚ್ಚಿಟ್ಟು ಹೇಳಬೇಕಾಗಿಲ್ಲ, ಅವರಿಗೆ ಅದು ಮೊದಲೇ ಗೊತ್ತಿರುತ್ತದೆ.

ಉಳಿದ ಅರ್ಧ ಉತ್ತರ ಮಗನೇ ಕೊಡಬೇಕಾದದ್ದು. ಅವನು ಸೈನಿಕನಾಗಲಿ, ಡಾಕ್ಟರಾಗಲಿ, ಹಳ್ಳಿಯ ಆರೋಗ್ಯ ಕಾರ್ಯಕರ್ತನಾಗಲಿ, ಹೊಲದಲ್ಲೇ ಉಳಿಯಲಿ, ಬೀಳುವ ಇನ್ನೊಬ್ಬನಿಗೆ ತಾನು ಕೈಯಾಗುತ್ತೇನೆಯೇ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ರಂಗರಾಜ್ ಅದನ್ನು ಒಂದು ಸಲ ವಿಮಾನದ ಬಾಗಿಲಲ್ಲಿ ನಿಂತು ಕೇಳಿಕೊಂಡರು, ಇನ್ನೊಂದು ಸಲ ಅಫ್ಘಾನಿಸ್ತಾನದ ಹಿಮದ ದಾರಿಯಲ್ಲಿ. ಎರಡು ಸಲವೂ ಅವರ ಉತ್ತರ ಒಂದೇ ಆಗಿತ್ತು.

ಬರುವ ವರ್ಷದ ಕಾರಣಿಕಕ್ಕೆ ಮೈಲಾರಕ್ಕೆ ಹೋಗುವ ಮಕ್ಕಳು ಬಿಲ್ಲಿನ ತುದಿಯನ್ನು ನೋಡುವಂತೆಯೇ ಕೆಳಗೂ ಒಮ್ಮೆ ನೋಡಲಿ. ‘ಸದ್ದಲೇ’ ಎಂಬ ಕೂಗಿಗೆ ಎಲ್ಲರೂ ತಲೆಯೆತ್ತಿ ಮೇಲೆ ನೋಡುವಾಗ, ಬಿಲ್ಲಿನ ಬುಡದಲ್ಲಿ ಕೆಲವರು ಕೈ ಚಾಚಿ, ಕಾಲು ಊರಿ, ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಗೊರವಯ್ಯ ಬಿಲ್ಲು ಬಿಡುವುದು ಆ ಕೈಗಳನ್ನು ನಂಬಿ.